ಗಾಜಿನ ತಟ್ಟೆಯಲ್ಲಿ ಸತ್ತ ಹುಳ

ಡೊಂಬಿವಲಿ ಪೂರ್ವ
18 ಫೆಬ್ರವರಿ 2025

ವಿದ್ಯಾ ಮಾರಾಯ್ತಿಗೆ,

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಅಂತ ನಗಬೇಡ. ಫೋನು ನನ್ನದೇ, ಆದರೆ ಅದು ಇರುವುದು ಅನುಷ್ಕಾಳ ಕೈಯಲ್ಲಿ. ಹಿಟ್ಟಿನ ಆರ್ಡರು, ಜಿಪೇ, ವಾಟ್ಸಾಪು ಎಲ್ಲ ಅವಳದೇ. ಬಾಣಂತನಕ್ಕೆ ಬಂದ ಮಗಳು ಮಲಗಿದಲ್ಲಿಂದಲೇ ನಮ್ಮ ಹೋಟೆಲು ನಡೆಸುತ್ತಿದ್ದಾಳೆ. ನಾನು ಫೋನಿನಲ್ಲಿ ಕನ್ನಡದಲ್ಲಿ ಬರೆದರೂ ಅದೇನೋ ಒತ್ತಿ ಹಿಂದಿ ಮಾಡಿಕೊಂಡು ಓದುತ್ತಾಳೆ. ಕೈಬರಹದ ಕನ್ನಡ ಮಾತ್ರ ಅವಳಿಗೂ ಬಾರದು, ಅವಳ ಫೋನಿಗೂ ಬಾರದು. ಹುಟ್ಟಿದ್ದು ಇಲ್ಲೇ ಆದರೂ ನಾಲ್ಕಕ್ಷರ ಕಲಿಸಲಿಲ್ಲವಲ್ಲ ಅಂತ ಮೊದಲು ಬೇಜಾರಿತ್ತು, ಈಗ ಅದೇ ಅನುಕೂಲವಾಗಿದೆ.

ನಮ್ಮ ಇಡ್ಲಿ ಹಿಟ್ಟಿನ ಟೆಂಪೊ ದಿನಾ ಬೆಳಿಗ್ಗೆ ಘಣಸೋಲಿಯಲ್ಲಿರುವ ಲೀಲಾಧರಣ್ಣನ ಕ್ಯಾಂಟೀನಿಗೆ ಬರುತ್ತದೆ. ನೀನೂ ತಿಂಡಿಗೆ ಅಲ್ಲಿಗೇ ಬರುವವಳು. ಡಬ್ಬದ ಮುಚ್ಚಳಕ್ಕೆ ಈ ಕವರು ಕಟ್ಟಿ ಕಳಿಸುತ್ತಿದ್ದೇನೆ. ನಿನ್ನ ಉತ್ತರವನ್ನು ಖಾಲಿ ಡಬ್ಬದಲ್ಲಿ ಹಾಕಿ ಕಳಿಸು.

ವಿಷಯ ಇಷ್ಟೇ. ಹೋಟೆಲಿನ ಕೆಲಸದವರ ರೂಮಿನಲ್ಲಿ ಒಬ್ಬನಿಗೆ ತುರಿಕೆ ಹಿಡಿದಿದೆ. ಬೆರಳ ಸಂದಿ, ಮಣಿಕಟ್ಟು, ಅಂಗಾಲು ಎಲ್ಲ ಕಡೆ ಸಣ್ಣ ಸಣ್ಣ ನೀರುಗುಳ್ಳೆ. ರಾತ್ರಿಯಾದರೆ ಹೆಚ್ಚು. ನೀನು ಗಣಪತಿ ಹಬ್ಬಕ್ಕೆ ಬಂದಾಗ, ಗಿಡದ ಎಣ್ಣೆಯಿಂದ ಕಜ್ಜಿಯ ಹುಳ ಕೊಲ್ಲುವ ಕೆಲಸ ಮಾಡುತ್ತಿದ್ದೇನೆ ಅಂದಿದ್ದೆ. ಎಲೆಯ ಮುಂದೆ ಕೂತು ಅದನ್ನು ಹೇಳಿದ್ದಕ್ಕೆ ನಮ್ಮವರು ಅರ್ಧ ಊಟದಲ್ಲಿ ಎದ್ದರು, ನೆನಪಿದೆಯಾ. ಆ ಎಣ್ಣೆ ಒಂದು ಸಣ್ಣ ಬಾಟಲಿ ಕಳಿಸು.

ಮಗು ಚೆನ್ನಾಗಿದೆ. ನಿದ್ರೆ ಮಾತ್ರ ಸರಿಯಿಲ್ಲ, ಗ್ಯಾಸು ಇರಬೇಕು. ಹತ್ತಿರದ ದಿವಾ ಸ್ಟೇಷನ್ನಿನ ಕಡೆಯಿಂದ ಮಾನಮ್ಮ ಅಂತ ಯಾದಗಿರಿಯವಳು ದಿನಾ ಬಂದು ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿ ಹೋಗುತ್ತಾಳೆ. ನಮ್ಮ ಬಿಲ್ಡಿಂಗಿನ ಎಲ್ಲ ಕೂಸುಗಳೂ ಅವಳ ಕಾಲ ಮೇಲೆ ಮಲಗಿ ದೊಡ್ಡವಾದವೇ. ಆದರೂ ಈ ಮಗು ಕೈಕಾಲು ಬಡಿಯುವುದು ನಿಲ್ಲಿಸುವುದಿಲ್ಲ. ಅನುಷ್ಕಾ ನನ್ನ ಮೇಲೆ ರೇಗುತ್ತಾಳೆ, ನಾನು ಗ್ರೈಂಡರಿನ ಮೇಲೆ ರೇಗುತ್ತೇನೆ.

ಬೇಗ ಬರೆ.

ನಿನ್ನ ಜಯಕ್ಕ


ಘಣಸೋಲಿ
20 ಫೆಬ್ರವರಿ 2025

ಪ್ರೀತಿಯ ಜಯಕ್ಕ,

ನಿಮ್ಮ ಹಿಟ್ಟು ಉಕ್ಕಿ ಕವರು ಅರ್ಧ ನೆನೆದಿತ್ತು. ಲ್ಯಾಬಿಗೆ ತಂದು ಒಣಗಿಸಿ ಓದಿದೆ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಓದುತ್ತಿದ್ದಾಗ ನನ್ನ ಪುಸ್ತಕಗಳಿಗೂ ಇದೇ ವಾಸನೆ ಇತ್ತು. ಮೀನು ಕರಿಯುವ ದಿನ ಕಿಟಕಿ ತೆಗೆದಿಟ್ಟು ಕೂರುತ್ತಿದ್ದ ಮೈಸೂರಿನ ಹುಡುಗಿಗೆ ಈಗ ಆ ವಾಸನೆಯೂ ಬೇಕೆನಿಸುತ್ತದೆ.

ಎಣ್ಣೆಯ ವಿಚಾರ. ಕಜ್ಜಿಗೆ ಡಾಕ್ಟರು ಕೊಡುವ ಕ್ರೀಮು ಒಳ್ಳೆಯದೇ. ಆದರೆ ಕೆಲವು ಕಡೆ ಹುಳಗಳು ಅದಕ್ಕೆ ಮೊದಲಿನಷ್ಟು ಬಗ್ಗುತ್ತಿಲ್ಲ ಅಂತ ವರದಿಗಳು ಬರುತ್ತಿವೆ. ಅದಕ್ಕೇ ನಮ್ಮಂಥವರು ಗಿಡಗಳಿಂದ ಭಟ್ಟಿ ಇಳಿಸಿದ ಎಣ್ಣೆಗಳ ಹಿಂದೆ ಬಿದ್ದಿದ್ದೇವೆ. ಮಜ್ಜಿಗೆ ಹುಲ್ಲು, ಓಮ, ದಾಲ್ಚಿನ್ನಿ, ಲವಂಗ, ಒಂದೊಂದನ್ನೂ ನೋಡಿದೆ. ಹುಳ ಸಿಗುವುದೇ ಕಷ್ಟ. ಮನುಷ್ಯರ ಮೈಯಿಂದ ಹೊರಗೆ ಬಂದರೆ ಅವು ಹೆಚ್ಚು ಹೊತ್ತು ಬದುಕುವುದಿಲ್ಲ, ಸಿಕ್ಕಾಗ ಊಟ ಬಿಟ್ಟು ಓಡಬೇಕು. ಹಾಗೆ ಸಿಕ್ಕಿದ ಹುಳಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಲವಂಗದ ಎಣ್ಣೆ ಸೋಕಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಒಂದೂ ಕಾಲು ಆಡಿಸುತ್ತಿರಲಿಲ್ಲ. ಜಯಕ್ಕ, ಆ ದಿನ ನಾನು ಒಬ್ಬಳೇ ನಗುತ್ತಾ ಸ್ಟೇಷನ್ನಿನವರೆಗೆ ನಡೆದೆ.

ಆದರೆ ಇದು ತಟ್ಟೆಯ ಮಾತು. ಚರ್ಮದ ಕಡೆಯ ಪರೀಕ್ಷೆ ಇನ್ನೂ ಪೂರ್ತಿಯಾಗಿಲ್ಲ. ಎಣ್ಣೆ ಕಳಿಸುವ ಹಾಗಿಲ್ಲ, ಕ್ಷಮಿಸಿ. ಅವನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಔಷಧಿಯನ್ನು ಅವನೊಬ್ಬನಿಗೆ ಹಚ್ಚಿದರೆ ಸಾಲದು. ಅವನ ಜೊತೆ ಮಲಗುವವರು, ಅವನನ್ನು ಮುಟ್ಟುವವರು, ತುರಿಕೆ ಇರಲಿ ಬಿಡಲಿ, ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಇಲ್ಲವಾದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಅಂಗಾಲಿನಲ್ಲಿ ಗುಳ್ಳೆ ಅಂದಿರಿ. ದೊಡ್ಡವರಿಗೆ ಅಲ್ಲಿ ಬರುವುದು ಅಪರೂಪ, ಆಶ್ಚರ್ಯವಾಯಿತು. ಅವನು ಒಪ್ಪಿದರೆ ನಾನೇ ಬಂದು ಕೈಯಿಂದ ಸ್ವಲ್ಪ ಕೆರೆದು ಹುಳ ತೆಗೆದುಕೊಳ್ಳಬಹುದೇ? ಇದೇ ತಿಂಗಳು ಪುಣೆಯಲ್ಲಿ ನಮ್ಮ ಕೆಲಸದ ಪರಿಶೀಲನೆ ಇದೆ. ಮುಂದುವರಿಸಬೇಕೋ ಮುಚ್ಚಬೇಕೋ ಅಂತ ಅಲ್ಲಿ ತೀರ್ಮಾನ ಮಾಡುತ್ತಾರೆ.

ಅರ್ಧ ಊಟದಲ್ಲಿ ಎದ್ದ ಶಂಭಣ್ಣನಿಗೆ ನಮಸ್ಕಾರ. ಮಗುವಿಗೆ ಮುತ್ತು.

ವಿದ್ಯಾ


ಡೊಂಬಿವಲಿ ಪೂರ್ವ
23 ಫೆಬ್ರವರಿ 2025

ವಿದ್ಯಾ,

ನಿನ್ನ ಕಾಗದದಲ್ಲಿ ಚಹಾ ಕುಡಿದು ಬಂದ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಬೇಗ ಸಾಯುತ್ತದಾದರೆ ಯಾಕೆ ಹೆದರುತ್ತೀ? ಲವಂಗ ಅಂದರೆ ಪುಲಾವಿಗೆ ಹಾಕುವುದು, ಹಲ್ಲುನೋವಿಗೆ ಇಡುವುದು. ವಿಷವೇನೂ ಅಲ್ಲವಲ್ಲ. ನೀವು ಓದಿದವರಿಗೆ ಎಲ್ಲದಕ್ಕೂ ಒಂದು 'ಆದರೆ' ಬೇಕು.

ಡಾಕ್ಟರ ಹತ್ತಿರ ಹೋಗುವ ಮಾತು ಸುಲಭ. ಅವರು ಚೀಟಿಯಲ್ಲಿ ಕಜ್ಜಿ ಅಂತ ಬರೆದರೆ, ಔಷಧಿ ಅಂಗಡಿಯವನು ನಮ್ಮ ಗಿರಾಕಿ. ಹೋಟೆಲಿನವರ ಮನೆಯಲ್ಲಿ ಕಜ್ಜಿ ಅಂತ ಸುದ್ದಿಯಾದರೆ ಆಮೇಲೆ ನಮ್ಮ ಇಡ್ಲಿ ಯಾರು ಮುಟ್ಟುತ್ತಾರೆ? ಇವತ್ತು ಸೀವುಡ್ಸಿನ ಬೀಗಿತ್ತಿ ಮಗು ನೋಡಲು ಬಂದಿದ್ದರು. ಅವರ ಮನೆಯಲ್ಲಿ ಚಪ್ಪಲಿಗೂ ಗಾಜಿನ ಬೀರು. ಮಗುವಿಗೆ ಕೈಚೀಲ ಕಾಲುಚೀಲ ಹಾಕಿಯೇ ಅವರ ಕೈಗೆ ಕೊಟ್ಟೆ. 'ಇಷ್ಟು ಸೆಕೆಯಲ್ಲಿ ಸಾಕ್ಸ್ ಎಂತಕ್ಕೆ?' ಅಂದರು. ಫ್ಯಾನಿನ ಗಾಳಿಗೆ ಅಂದೆ.

ಒಂದು ಕೇಳಬೇಕಿತ್ತು. ಆ ಕೆಲಸದವನು ಮೈಯಲ್ಲಿ ಸಣ್ಣವನು. ಕೊಬ್ಬರಿ ಎಣ್ಣೆಗೆ ಬೆರೆಸಿದರೆ ಎಷ್ಟು ಹನಿ ಹಾಕಬೇಕು? ಕೈ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇದೆ, ಅದರಿಂದ ತೊಂದರೆ ಇದೆಯಾ? ಇಷ್ಟಕ್ಕೆ ಉತ್ತರ ಕೊಡು, ಉಳಿದ ಪಾಠ ಬೇಡ.

ಜಯಕ್ಕ


ಘಣಸೋಲಿ
24 ಫೆಬ್ರವರಿ 2025

ಜಯಕ್ಕ,

ಯಾರಿಗೂ ಒಂದು ಹನಿಯೂ ಹಚ್ಚಬೇಡಿ. ಬಾಯಿಗಂತೂ ಹೋಗಲೇಬಾರದು. ಕೈ ಬಾಯಿಗೆ ಹಾಕಿಕೊಳ್ಳುವ ಆ ಕೆಲಸದವನು ಯಾರು? ನಿಜ ಹೇಳಿ.

ಈಗಷ್ಟೇ ನಿಮಗೆ ಫೋನು ಮಾಡಿದೆ. ಅನುಷ್ಕಾ ಎತ್ತಿ 'ಮಮ್ಮಿ ಕೌಂಟರ್ ಪೆ ಹೈ ದೀದಿ, ಕುಛ್ ಬೋಲ್ನಾ ಹೈ ಕ್ಯಾ?' ಅಂದಳು. ನೀವು ಅವಳಿಗೆ ತಿಳಿಯದಂತೆ ಬರೆದದ್ದರಿಂದ ಸುಮ್ಮನೆ ಕುಶಲ ಕೇಳಿ ಇಟ್ಟುಬಿಟ್ಟೆ. ಇಟ್ಟ ಮೇಲೆ ಸಮಾಧಾನವಿಲ್ಲ.

ನಾಳೆ ಪುಣೆಗೆ ಹೊರಡುತ್ತಿದ್ದೇನೆ. ಬಂದ ಕೂಡಲೇ ನಿಮ್ಮಲ್ಲಿಗೆ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಡಾಕ್ಟರು.

ವಿದ್ಯಾ


ಡೊಂಬಿವಲಿ ಪೂರ್ವ
27 ಫೆಬ್ರವರಿ 2025

ವಿದ್ಯಾ,

ಕೆಲಸದವನು ಯಾರೂ ಇಲ್ಲ. ಮಗುವಿಗೇ ಬಂದಿರುವುದು. ಹೇಳಿಬಿಟ್ಟೆ.

ಅಂಗಾಲು, ಅಂಗೈ, ಕಂಕುಳು ಎಲ್ಲ ಕಡೆ ಗುಳ್ಳೆ. ಅನುಷ್ಕಾಗೆ ಬೆವರುಸಾಲೆ ಅಂತ ಹೇಳಿ ನಂಬಿಸಿದ್ದೇನೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಿದ ಕೂಸಿಗೆ ಕಜ್ಜಿ ಅಂಟಿಸಿದಳು ಅನ್ನುವ ಮಾತು ಸೀವುಡ್ಸಿನಿಂದ ಬಂದರೆ ನಾನು ತಲೆಯೆತ್ತುವುದು ಹೇಗೆ?

ನಿನ್ನ 'ಹಚ್ಚಬೇಡಿ' ಕಾಗದ ಬರುವ ಮೊದಲೇ ಕಲ್ಯಾಣದ ಪೇಟೆಗೆ ಹೋಗಿ ಲವಂಗದ ಎಣ್ಣೆ ತಂದಿದ್ದೆ. ಮಗುವಿಗೆ ತಿಕ್ಕುವ ಕೊಬ್ಬರಿ ಎಣ್ಣೆಗೆ ಸ್ವಲ್ಪವೇ ಬೆರೆಸಿದೆ. ನಂಬುತ್ತೀಯೋ ಇಲ್ಲವೋ, ಅವತ್ತು ಮಗು ಮಧ್ಯಾಹ್ನವೆಲ್ಲ ಮಲಗಿತು. ನಾನು ದೇವರಿಗೆ ದೀಪ ಹಚ್ಚಿದೆ. ಮರುದಿನ ಇನ್ನೂ ನಾಲ್ಕು ಹನಿ ಹೆಚ್ಚಿಗೆ ಹಾಕಿದೆ. ಈಗ ತೊಡೆಯ ಹತ್ತಿರ ಚರ್ಮ ಕೆಂಪಾಗಿದೆ. ನೀರು ಸೋಕಿದರೆ ಉಸಿರುಗಟ್ಟಿ ಅಳುತ್ತದೆ. ಹುಳ ಸಾಯುವಾಗ ಹೀಗಾಗುತ್ತದಾ? ಇನ್ನೂ ಹಾಕಬೇಕಾ, ನಿಲ್ಲಿಸಬೇಕಾ?

ಮಾನಮ್ಮನನ್ನು ಬಿಡಿಸಿದೆ. ಬಾಟಲಿ ಮೂಸಿ 'ಇದೇನ್ರಿ ಎಣ್ಣಿ, ಘಾಟು ಹೊಡಿತದ?' ಅಂತ ಕೇಳಿದಳು. ಅವಳ ಬೆರಳ ಸಂದಿ ನೋಡಿದೆ, ಅಲ್ಲೂ ಗುಳ್ಳೆ. ಹತ್ತು ಮನೆಯ ಮೈ ಮುಟ್ಟುವವಳು, ಇನ್ನೆಲ್ಲಿಂದ ಬರಬೇಕು? ಮೈಯೆಲ್ಲ ಉರಿದುಹೋಯಿತು. ನಾಳೆಯಿಂದ ಬರಬೇಡ ಅಂದೆ. ಬಿಲ್ಡಿಂಗಿನಲ್ಲಿ ಕೂಸು ಇರುವ ಮನೆಗಳಿಗೆಲ್ಲ ಹೋಗಿ, ಅವಳ ಕೈ ಸರಿಯಿಲ್ಲ, ಒಳಗೆ ಬಿಟ್ಟುಕೊಳ್ಳಬೇಡಿ ಅಂತ ಹೇಳಿ ಬಂದೆ. ನಮ್ಮ ಮಗುವಿನ ಸುದ್ದಿ ಮಾತ್ರ ಎತ್ತಲಿಲ್ಲ.

ಈ ಕಾಗದ ಕಂಡ ಕೂಡಲೇ ಬರೆ. ನಿನ್ನೆಯಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ.

ಜಯಕ್ಕ


ಘಣಸೋಲಿ
4 ಮಾರ್ಚ್ 2025

ಜಯಕ್ಕ,

ಪುಣೆಯಿಂದ ಬಂದು ಕ್ಯಾಂಟೀನಿಗೆ ಹೋದೆ. ಲೀಲಾಧರಣ್ಣ 'ನಿಮ್ಮದೊಂದು ಕಾಗದ ಉಂಟು ಮಾರಾಯ್ರೆ, ಬಂದು ಎಷ್ಟು ದಿವಸ ಆಯ್ತು' ಅಂತ ಗಲ್ಲಾದ ಕೆಳಗಿಂದ ತೆಗೆದುಕೊಟ್ಟರು. ನಿಂತಲ್ಲೇ ಓದಿದೆ. ದೋಸೆ ಅಲ್ಲೇ ಬಿಟ್ಟು ಹೊರಗೆ ಬಂದು ಫೋನು ಮಾಡಿದೆ. ಅನುಷ್ಕಾಳೇ ಎತ್ತಿದಳು. ಈ ಸಲ ಇಡಲಿಲ್ಲ. ಬೆವರುಸಾಲೆಯಲ್ಲ, ಕಜ್ಜಿ ಇರಬೇಕು. ಕೊಬ್ಬರಿ ಎಣ್ಣೆಯಲ್ಲಿ ಲವಂಗದ ಎಣ್ಣೆ ಇದೆ. ಮೈ ತೊಳೆದು ಈಗಲೇ ಡಾಕ್ಟರ ಹತ್ತಿರ ಹೊರಡು. ಎಲ್ಲವನ್ನೂ ಹಿಂದಿಯಲ್ಲಿ, ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ಅವಳು ಕೂಡಲೇ ಫೋನಿಟ್ಟಳು.

ನಿಮ್ಮ ಗುಟ್ಟು ನಾನು ಉಳಿಸಲಿಲ್ಲ. ಕೋಪ ಬಂದರೆ ಬರಲಿ.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ ನೀವು ಬಡಿಸುತ್ತಾ ಬಡಿಸುತ್ತಾ ಸೌಟಿನ ಹಿಡಿಯಿಂದ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದಿರಿ. ಪಾತ್ರೆ ಪೌಡರಿನ ಅಲರ್ಜಿ ಅಂದಿರಿ. ನಿಮ್ಮ ಕೈ ಈಗ ಹೇಗಿದೆ?

ವಿದ್ಯಾ


ಘಣಸೋಲಿ
13 ಮಾರ್ಚ್ 2025

ಜಯಕ್ಕ,

ಖಾಲಿ ಡಬ್ಬಗಳಲ್ಲಿ ಎರಡು ಚೀಟಿ ಹಾಕಿದೆ, ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ. ಮನೆಯವರೆಗೂ ಬಂದಿದ್ದೆ. ಬೀಗ ಹಾಕಿತ್ತು. ಹೋಟೆಲಿಗೆ ಹೋದರೆ ಶಂಭಣ್ಣ ಕಾಫಿ ಕೊಟ್ಟು, 'ಅವಳು ಇಲ್ಲ, ಈಗ ಎಂತ ಕೇಳ್ಬೇಡ' ಅಂದರು. ಅನುಷ್ಕಾ 'ಬೇಬಿ ಠೀಕ್ ಹೈ' ಅಂತ ಒಂದು ಸಾಲು ಕಳಿಸಿದ್ದಾಳೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು.

ಒಂದು ವಿಷಯವನ್ನು ನಾನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಚರ್ಮದ ಪರೀಕ್ಷೆ ಪೂರ್ತಿಯಾಗಿಲ್ಲ ಅಂದೆನಲ್ಲ, ಅರ್ಧ ಆಗಿತ್ತು. ಹುಳ ಸಾಯುವಷ್ಟು ಗಟ್ಟಿ ಎಣ್ಣೆ ಹಾಕಿದರೆ, ಲ್ಯಾಬಿನಲ್ಲಿ ಬೆಳೆಸಿದ ಚರ್ಮದ ಪದರವೂ ಸಾಯುತ್ತಿತ್ತು. ತೆಳು ಮಾಡಿದರೆ ಚರ್ಮ ಉಳಿಯುತ್ತದೆ, ಹುಳವೂ ಉಳಿಯುತ್ತದೆ. ನಡುವಿನ ದಾರಿ ಇನ್ನೂ ಸಿಕ್ಕಿಲ್ಲ. ಪುಣೆಯ ಸಭೆಯವರೆಗೆ ಅದನ್ನು ಯಾರಿಗೂ ಹೇಳಲು ಮನಸ್ಸಿರಲಿಲ್ಲ. ಚಹಾ ಕುಡಿದು ಬಂದ ಕಥೆಯನ್ನು ಮಾತ್ರ ನಿಮಗೆ ಬಣ್ಣಿಸಿ ಬರೆದೆ. ಆ ಒಂದು ಸಾಲು ಇಲ್ಲದಿದ್ದರೆ ನೀವು ಕಲ್ಯಾಣಕ್ಕೆ ಹೋಗುತ್ತಿದ್ದಿರಾ?

ಪುಣೆಯಲ್ಲೂ ನಾನು ತಟ್ಟೆಯ ಕಥೆಯನ್ನೇ ಮುಂದೆ ಇಟ್ಟು ಬಂದಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅವರಿಗೆ ಚರ್ಮದ ವಿಷಯವನ್ನೂ ಪೂರ್ತಿ ಬರೆದು ಕಳಿಸಿದೆ. ಏನು ಮಾಡುತ್ತಾರೋ ನೋಡಬೇಕು. ಲವಂಗದ ಮೇಲೆ ನನಗೆ ಆಸೆ ಹೋಗಿಲ್ಲ. ಅದು ಔಷಧಿಯಾಗಲು ಇನ್ನೂ ದೂರ ಇದೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು, ಅಷ್ಟೆ.

ಬೈಯಲಾದರೂ ಬರೆಯಿರಿ.

ವಿದ್ಯಾ


ಡೊಂಬಿವಲಿ ಪೂರ್ವ
26 ಮಾರ್ಚ್ 2025

ವಿದ್ಯಾ,

ಬೈಯಲು ಕೂತಿದ್ದೆ. ಒಂದು ಹಾಳೆ ಬೈದು ಹರಿದೂ ಹಾಕಿದೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ನೀನು ಅವತ್ತು ಫೋನು ಮಾಡದಿದ್ದರೆ ನಾನು ಮರುದಿನವೂ ಆ ಎಣ್ಣೆಯನ್ನೇ ತಿಕ್ಕುತ್ತಿದ್ದೆ, ಅದೂ ನಿಜ.

ನಿನ್ನ ಫೋನು ಇಟ್ಟ ಅನುಷ್ಕಾ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. 'ಮಮ್ಮಿ, ತೂನೇ ಕ್ಯಾ ಲಗಾಯಾ ಇಸ್ಕೋ?' ಅಂದಳು, ಮೆಲ್ಲಗೆ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಮಗುವನ್ನು ನೋಡಿ, ಎಣ್ಣೆಯಿಂದ ಚರ್ಮ ಸುಟ್ಟಿದೆ, ಆದರೆ ಕಲೆ ಉಳಿಯಲಿಕ್ಕಿಲ್ಲ ಅಂದರು. ಮೊದಲು ಅದು ಆರಲು ಏನೋ ಹಚ್ಚಲು ಕೊಟ್ಟರು, ಆಮೇಲೆ ಹುಳದ ಕ್ರೀಮು. ಎಲ್ಲ ಬರೆದು ಮುಗಿಸಿ, ಮಗುವನ್ನು ಹಿಡಿದಿದ್ದ ನನ್ನ ಕೈಯನ್ನು ನೋಡಿದರು. ಬೆರಳುಗಳನ್ನು ಬಿಡಿಸಿ ದೀಪದ ಕೆಳಗೆ ಹಿಡಿದು, 'ಹೇ ಕಧೀಪಾಸೂನ್ ಆಹೇ, ಆಜೀ?' ಅಂತ ಮರಾಠಿಯಲ್ಲಿ ಕೇಳಿದರು. ದೀಪಾವಳಿಯಿಂದ ಅಂದೆ. ಮಗು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ. ಮಾನಮ್ಮ ನಮ್ಮ ಹೊಸಿಲು ದಾಟಿದ್ದು ಮಗು ಆಸ್ಪತ್ರೆಯಿಂದ ಬಂದ ಮೇಲೆ. ಯಾರೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅನುಷ್ಕಾ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು.

ನನಗೆ ಎಲ್ಲಿಂದ ಅಂಟಿತೋ ಯಾರಿಗೆ ಗೊತ್ತು. ಆದರೆ ಮಗುವಿಗೂ ಮಾನಮ್ಮನಿಗೂ ನನ್ನಿಂದಲೇ ಹೋಗಿರಬೇಕು. ನಾನು ಅವಳ ಬೆರಳ ಸಂದಿ ನೋಡಿದೆ, ನನ್ನದನ್ನು ನೋಡಿಕೊಳ್ಳಲಿಲ್ಲ.

ಮರುದಿನ ಬೀಗಿತ್ತಿ ಗಾಡಿ ಕಳಿಸಿದರು. ಅಳಿಯ ಕೌಶಲ್ ನನ್ನ ಮುಖ ನೋಡದೆ ಬ್ಯಾಗುಗಳನ್ನು ಇಳಿಸಿದ. ಮಗುವಿನ ಬಟ್ಟೆ ಮಡಿಸಿ ಕೊಡಲು ಹೋದರೆ ಅನುಷ್ಕಾ 'ರೆಹನೇ ದೋ' ಅಂದಳು. ಸೀವುಡ್ಸಿಗೆ ಹೋದರು. ಅವತ್ತಿನಿಂದ ನಾನು ಮಗುವನ್ನು ಮುಟ್ಟಿಲ್ಲ. ನಮ್ಮವರು 'ಎಂತ ಮಾಡುದು ಈಗ, ಎಲ್ಲ ಸರಿ ಆಗ್ತದೆ' ಅನ್ನುತ್ತಾ ಗಲ್ಲಾದಲ್ಲಿ ಕೂತಿರುತ್ತಾರೆ. ನನಗೆ ಆ ಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಬೀಗ ಹಾಕಿ ಸುಮ್ಮನೆ ಲೋಕಲಿನಲ್ಲಿ ಕಲ್ಯಾಣಕ್ಕೆ ಹೋಗುವುದು, ಠಾಣೆಗೆ ಹೋಗುವುದು, ವಾಪಸು ಬರುವುದು. ನೀನು ಬಂದದ್ದು ಅಂಥ ಒಂದು ದಿನ.

ಮಗುವನ್ನು ಮುಟ್ಟಿದವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು ಅಂತ ಡಾಕ್ಟರಮ್ಮನೂ ಹೇಳಿದ್ದರು. ಮಗುವನ್ನು ಎಲ್ಲರಿಗಿಂತ ಹೆಚ್ಚು ಮುಟ್ಟಿದವಳು ಮಾನಮ್ಮ. ಅವಳಿಗೂ ಅವಳ ಮನೆಯವರಿಗೂ ಸಾಕಾಗುವಷ್ಟು ಕ್ರೀಮು ತೆಗೆದುಕೊಂಡು, ಎಲ್ಲರೂ ಹಚ್ಚಿಕೊಳ್ಳಬೇಕಾಗಿದ್ದ ಸಂಜೆಯೇ ದಿವಾಕ್ಕೆ ಹೋದೆ. ಮಾಲೀಶಿನ ಮಾನಮ್ಮ ಎಲ್ಲಿ ಅಂತ ಕೇಳಿ ಕೇಳಿ ಮನೆ ಹುಡುಕಿದೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಏಳಲಿಲ್ಲ.

'ನೀವ್ಯಾಕ್ ಬಂದ್ರಿ ಇಲ್ಲಿಗಿ?' ಅಂದಳು.

'ನನ್ನಿಂದಲೇ ಬಂದದ್ದು ಮಾನಮ್ಮ. ನಿನ್ನಿಂದ ಅಲ್ಲ' ಅಂದೆ. ಇಡೀ ದಾರಿ ಬೇರೆ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಅಷ್ಟೇ.

ಅವಳು ಮೊರ ಬದಿಗಿಟ್ಟಳು. 'ಕೂಸು ಹ್ಯಾಂಗದ?' ಅಂತ ಕೇಳಿದಳು. ಅದು ಅವಳ ಮೊದಲ ಪ್ರಶ್ನೆ, ವಿದ್ಯಾ. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ನಾನು ಅತ್ತು ಮುಗಿಸುವವರೆಗೆ ಕಾದಳು.

ಕ್ರೀಮು ಹೇಗೆ ಹಚ್ಚಬೇಕೆಂದು ಹೇಳಿದೆ. ಕುತ್ತಿಗೆಯಿಂದ ಪಾದದವರೆಗೆ, ಒಂದು ಬೆರಳಗಲವೂ ಬಿಡದೆ. ಬೆನ್ನು ಅವಳಿಗೆ ಎಟಕುವುದಿಲ್ಲ, ಸೊಸೆ ಕೆಲಸದಿಂದ ಇನ್ನೂ ಬಂದಿರಲಿಲ್ಲ. ನಾನು ಹಚ್ಚುತ್ತೇನೆ ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲು ಮುಂದೆ ಮಾಡಿ, ನನಗೆ ಬೆನ್ನು ಕೊಟ್ಟು ಕೂತಳು. ಇಷ್ಟು ಕೂಸುಗಳನ್ನು ತಿಕ್ಕಿದವಳ ಬೆನ್ನು ಒಣಗಿ ಬಿರಿದಿತ್ತು. 'ಸಾವಕಾಶ ಹಚ್ರಿ' ಅಂದಳು. ನಾನು ಹಾಗೇ ಹಚ್ಚಿದೆ.

ಸೆರಗು ಹೊದ್ದುಕೊಂಡ ಮೇಲೆ ಹೇಳಿದಳು. 'ನಾ ನಿಮ್ಮನಿಗಿ ಬರಂಗಿಲ್ರಿ ಅಮ್ಮಾರ. ನನ್ನ ಕೈ ಕೆಟ್ಟದ ಅಂತ ಯಾವ್ಯಾವ ಬಾಗಲದಾಗ ನಿಂತು ಹೇಳೀರಿ, ಅದೇ ಬಾಗಲದಾಗ ನಿಂತು ಹಂಗಲ್ಲ ಅಂತ ಹೇಳ್ರಿ. ಮತ್ತೇನೂ ಬ್ಯಾಡ ನನಗ.'

ಹೇಳಿದೆ. ಒಂದೊಂದೇ ಬೆಲ್ಲು ಒತ್ತಿ, ಕಜ್ಜಿ ಇದ್ದದ್ದು ನನಗೆ, ಅವಳಿಗೆ ಅಂಟಿಸಿದ್ದೂ ನಾನೇ, ಅವಳು ಮುಟ್ಟಿದ ಕೂಸುಗಳಿಗೆ ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ ಅಂದೆ. ಒಬ್ಬಳು ಬಾಗಿಲನ್ನು ಅರ್ಧವೇ ತೆರೆದಳು. ಒಬ್ಬಳು 'ಅಗ ಬಾಈ, ಹಾಟೆಲ್ ಚಾಲವತೇಸ್ ನಾ ತೂ?' ಅಂದಳು. ಹೌದು, ಹೋಟೆಲು ನಡೆಸುವವಳೇ ಅಂದೆ. ಕೆಲವರು ನಮ್ಮಲ್ಲಿ ಹಿಟ್ಟು ತೆಗೆದುಕೊಳ್ಳುವುದು ಬಿಟ್ಟಿದ್ದಾರೆ. ನಾನು ಹೆದರಿದ್ದು ಇದಕ್ಕೇ. ಆಗಿಹೋದ ಮೇಲೆ ಅಷ್ಟೇನೂ ದೊಡ್ಡದಲ್ಲ ಅನಿಸಿತು ಅಂತ ಬರೆಯಲಾರೆ. ದೊಡ್ಡದೇ. ನಮ್ಮವರು ಅದಾದ ಮೇಲೆ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ.

ಎರಡನೇ ಸಲ ಕ್ರೀಮು ಹಚ್ಚಿ, ಎಲ್ಲರಿಗೂ ಗುಣವಾದ ಮೇಲೆ ಅನುಷ್ಕಾ ಫೋನು ಮಾಡಿದಳು. ಮಗು ಸ್ನಾನಕ್ಕೆ ಇಳಿಸಿದರೆ ರಚ್ಚೆ ಹಿಡಿಯುತ್ತದಂತೆ, ಯಾರ ಕೈಗೂ ಒಗ್ಗುತ್ತಿಲ್ಲವಂತೆ. ನನ್ನನ್ನು ಕರೆಯುತ್ತಾಳೆ ಅಂದುಕೊಂಡೆ. ಮನಸ್ಸಿನಲ್ಲೇ ಸೀರೆಯನ್ನೂ ಬದಲಾಯಿಸಿದೆ. ಅವಳು ಕೇಳಿದ್ದು 'ಮಾನಮ್ಮ ಕಾ ನಂಬರ್ ಹೈ ಕ್ಯಾ?' ಅಂತ. ಕೊಟ್ಟೆ. ಫೋನಿಟ್ಟ ಮೇಲೆ ತುಂಬಾ ಹೊತ್ತು ತೆಂಗಿನಕಾಯಿ ತುರಿದೆ, ಅವತ್ತು ಚಟ್ನಿಗೆ ಬೇಕಾಗಿದ್ದಕ್ಕಿಂತ ಹೆಚ್ಚು.

ಈಗ ಮಾನಮ್ಮ ಠಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸಿಗೆ ಹೋಗುತ್ತಾಳೆ. ನಮ್ಮ ಬಿಲ್ಡಿಂಗಿನಲ್ಲೂ ಎರಡು ಮನೆಯವರು ಅವಳನ್ನು ಮತ್ತೆ ಕರೆದಿದ್ದಾರೆ. ನಮ್ಮ ಮನೆಯ ಬಾಗಿಲ ಕಡೆ ನೋಡುವುದಿಲ್ಲ. ಆದರೆ ಆ ಮನೆಗಳ ಕೆಲಸ ಮುಗಿಸಿ ಹೋಗುವಾಗ ಹೋಟೆಲಿನ ಮೆಟ್ಟಿಲ ಹತ್ತಿರ ನಿಲ್ಲುತ್ತಾಳೆ. ಒಳಗೆ ಬಾ ಅಂದರೆ ಬರುವುದಿಲ್ಲ. ನಾನು ಎದ್ದು ಹೊರಗೆ ಹೋಗುತ್ತೇನೆ. ಒಂದೋ ಎರಡೋ ಮಾತು ಹೇಳಿ ಹೊರಡುತ್ತಾಳೆ. ಹಾಲು ಕಕ್ಕಲಿಲ್ಲ, ಚೆಂದ ಮಲಗಿದಳು, ಹೀಗೆ. ಹೇಳಬೇಕೆಂದು ನಾನು ಕೇಳಿಕೊಂಡಿಲ್ಲ.

ಇವತ್ತು ನಿಂತವಳು, 'ನಿನ್ನಿ ಕೂಸು ಬೋರಲ ಬಿತ್ರಿ. ತಾನ ಹೊಳ್ಳಿತು, ಯಾರೂ ಹಿಡಿದಿಲ್ಲ' ಅಂದಳು.

ಮೊಮ್ಮಗಳು ಮೊದಲ ಸಲ ಮಗುಚಿ ಬಿದ್ದದ್ದನ್ನು ನಾನು ನೋಡಲಿಲ್ಲ, ಅವಳು ನೋಡಿದಳು. ಸ್ವಲ್ಪ ನಿಲ್ಲು ಅಂತ ಹೇಳಿ ಒಳಗೆ ಹೋಗಿ, ಬಿಸಿ ಶಿರಾ ಒಂದು ತಟ್ಟೆಯಲ್ಲಿ ಹಾಕಿಕೊಂಡು ಬಂದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ತೆಗೆದುಕೊಂಡಳು. ಮೆಟ್ಟಿಲ ಹತ್ತಿರ ನಿಂತೇ ತಿಂದು, ತಟ್ಟೆಯನ್ನು ನನ್ನ ಕೈಗೇ ಕೊಟ್ಟು ಸ್ಟೇಷನ್ನಿನ ಕಡೆ ಹೋದಳು.

ಜಯಕ್ಕ